ಕೂಸನ್ನು ನೋಡಿಕೊಳ್ಳುವುದೂ ಒಂದು ವಿದ್ಯೆ

ಪೆನುಕೊಂಡದ ಸಮೀಪದ ಯರ್ರಮಂಚಿಯಲ್ಲಿ 2019ರಿಂದ ಕಾರುಗಳು ತಯಾರಾಗುತ್ತಿವೆ. ಹಿಂದೂಪುರದ ಸುತ್ತ ಸಿದ್ಧ ಉಡುಪಿನ ಕಾರ್ಖಾನೆಗಳು ನಡೆಯುತ್ತಿವೆ. ಕಲ್ಯಾಣದುರ್ಗದ ಕಡೆಯ ಕಡಲೆಕಾಯಿ ಹೊಲಗಳಲ್ಲಿ ಕಳೆ ತೆಗೆಯುವುದರಿಂದ ಹಿಡಿದು ಕಾಯಿ ಬಿಡಿಸುವವರೆಗೆ ಹೆಣ್ಣಾಳುಗಳಿಲ್ಲದೆ ಕೆಲಸ ಸಾಗದು. ಹೀಗೆ ದುಡಿಮೆಗೆ ಹೊರಟ ತಾಯಿಯ ಒಂದೂವರೆ ವರ್ಷದ ಕೂಸು ಹಗಲೆಲ್ಲ ಎಲ್ಲಿರುತ್ತದೆ? ಅಂಗನವಾಡಿಯಿಂದ ಆ ವಯಸ್ಸಿನ ಕೂಸಿಗೆ ಪೂರಕ ಆಹಾರ ಬರುತ್ತದೆ; ಆದರೆ ಅಲ್ಲಿ ಕುಳಿತು ಆಡಿ ಕಲಿಯುವ ಏರ್ಪಾಡು ಇರುವುದು ಮೂರರಿಂದ ಆರು ವರ್ಷದ ಮಕ್ಕಳಿಗೆ. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ವ್ಯವಸ್ಥೆ ಮಾಡಬೇಕೆಂಬ ನಿಯಮ ಬಂದಿತು. ಹೊಲದ ಕೂಲಿಗೆ, ಮನೆಗೆಲಸಕ್ಕೆ ಹೋಗುವವಳಿಗೆ ಆ ನಿಯಮದಿಂದ ಏನೂ ದೊರೆಯಲಿಲ್ಲ. ಆದ್ದರಿಂದ ಕೂಸು ಅಜ್ಜಿಯ ಮಡಿಲಿನಲ್ಲಿರುತ್ತದೆ. ಅಜ್ಜಿಯೂ ಕೂಲಿಗೆ ಹೋಗುವ ಮನೆಯಾದರೆ ಓಣಿಯ ಯಾವುದೋ ಅಕ್ಕನ ಪಡಸಾಲೆಯಲ್ಲಿರುತ್ತದೆ.

ಆ ಅಕ್ಕನಿಗೆ ಎಷ್ಟು ಕೊಡಬೇಕೆಂದು ಕೆಲವರಾದರೂ ಕೇಳುತ್ತಾರೆ. ಆಕೆಗೆ ಈ ಕೆಲಸವನ್ನು ಕಲಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ. ಹೆಣ್ಣಾದವಳಿಗೆ ಮಕ್ಕಳನ್ನು ನೋಡಿಕೊಳ್ಳುವುದು ಹುಟ್ಟಿನಿಂದಲೇ ಬರುತ್ತದೆ ಎಂಬ ನಂಬಿಕೆ ಆ ಪ್ರಶ್ನೆಯನ್ನು ಏಳದಂತೆ ತಡೆದಿದೆ. ಮೆಚ್ಚುಗೆಯ ಮಾತಿನಂತೆ ಕೇಳಿಸುವ ಈ ನಂಬಿಕೆಯಿಂದ ಕೂಸಿಗೂ ಹಾನಿ, ಆ ಹೆಂಗಸಿಗೂ ಹಾನಿ.

ಪೆನುಕೊಂಡದಿಂದ ಬಹಳ ದೂರವಿಲ್ಲದ ಧರ್ಮಾವರದಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ನೇಕಾರರ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಅಂಚು, ಸೆರಗುಗಳ ಕೆಲಸ ಕೈಗೆ ಬರುತ್ತದೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಹೊಸಬನು ಮೊದಲು ನೋಡುತ್ತಾನೆ, ಆಮೇಲೆ ಎಳೆ ಸೇರಿಸುತ್ತಾನೆ, ತಪ್ಪಿದಾಗ ಪಕ್ಕದಲ್ಲಿ ಕುಳಿತ ಹಿರಿಯನು ಕೈ ಹಿಡಿದು ತಿದ್ದುತ್ತಾನೆ. ದುಡಿಯುತ್ತಲೇ ಕಲಿಯುವುದೆಂದರೆ ಇದು. ಇಲ್ಲಿ ಮುಖ್ಯವಾದದ್ದು ಪಕ್ಕದಲ್ಲಿ ಕುಳಿತ ಆ ಹಿರಿಯ. ಅವನಿಲ್ಲದೆ ಹೊಸಬನೊಬ್ಬನನ್ನೇ ಮಗ್ಗಕ್ಕೆ ಕೂರಿಸಿದರೆ ಹಾಳಾಗುವುದು ಒಂದು ಸೀರೆ. ಅದೇ ರೀತಿ ಹೆಂಗಸೊಬ್ಬಳ ಕೈಗೆ ಐದು ಮನೆಗಳ ಐದು ಕೂಸುಗಳನ್ನು ಒಪ್ಪಿಸಿದರೆ ಆಗಬಹುದಾದ ನಷ್ಟಕ್ಕೆ ಬೆಲೆ ಕಟ್ಟಲಾಗದು.

ಕೂಸನ್ನು ನೋಡಿಕೊಳ್ಳುವುದರಲ್ಲಿ ಕಲಿಯುವಂಥದ್ದೇನಿದೆ ಎನ್ನುವವರು ಕಡಲೆಕಾಯಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆ ಸೀಮೆಯ ಮನೆಮನೆಯಲ್ಲಿ ಸಿಗುವ ತಿನಿಸು ಅದು. ಇಡೀ ಬೀಜವನ್ನು ಎಳೆಯ ಮಗುವಿನ ಕೈಗೆ ಕೊಟ್ಟರೆ ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು. ಸಣ್ಣ ಮಕ್ಕಳ ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ವಸ್ತುಗಳಲ್ಲಿ ಕಡಲೆಬೀಜಕ್ಕೆ ಮೊದಲ ಸಾಲಿನ ಸ್ಥಾನವಿದೆ ಎಂಬುದು ಈ ದೇಶದ ವೈದ್ಯರಿಗೆಲ್ಲ ಗೊತ್ತು. ಅದನ್ನೇ ನುಣ್ಣಗೆ ಕುಟ್ಟಿ ರಾಗಿ ಸರಿಯಲ್ಲಿ ಬೆರೆಸಿದರೆ ಪುಷ್ಟಿಯ ಆಹಾರವಾಗುತ್ತದೆ. ಇನ್ನು ಒಂದು ವರ್ಷ ತುಂಬದ ಕೂಸಿಗೆ ಉಸಿರು ಕಟ್ಟಿದರೆ ಅದನ್ನು ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿರುವಂತೆ ಮಲಗಿಸಿ, ಎರಡು ಹೆಗಲುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ತಟ್ಟಬೇಕು. ಸಿಕ್ಕಿಕೊಂಡದ್ದು ಬಾರದಿದ್ದರೆ ತಿರುಗಿಸಿ ಎದೆಯ ನಡುವೆ ಎರಡು ಬೆರಳುಗಳಿಂದ ಐದು ಸಲ ಒತ್ತಬೇಕು. ಭೇದಿಯಾದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು; ಉಪ್ಪು ಹೆಚ್ಚಾದರೆ ಅದೇ ಅಪಾಯ.

ಇವುಗಳಲ್ಲಿ ಸಕ್ಕರೆ ಉಪ್ಪಿನ ಅಳತೆಯನ್ನು ಹಾಳೆಯಲ್ಲಿ ಬರೆದು ಕೊಡಬಹುದು. ಬೆನ್ನು ತಟ್ಟುವ ಬಲವೆಷ್ಟೆಂಬುದನ್ನು ಬೊಂಬೆಯ ಮೇಲೆ ಕೈಯಾರೆ ಮಾಡಿ ನೋಡಿಯೇ ತಿಳಿಯಬೇಕು. ಹಸಿವಿನ ಅಳುವಿಗೂ ನಿದ್ದೆಯ ಅಳುವಿಗೂ ಇರುವ ವ್ಯತ್ಯಾಸವನ್ನು, ಒಂದು ಕೂಸಿಗೆ ಉಣಿಸುತ್ತಲೇ ಹೊಸ್ತಿಲ ಕಡೆ ಅಂಬೆಗಾಲಿಡುತ್ತಿರುವ ಇನ್ನೊಂದರ ಮೇಲೆ ಕಣ್ಣಿಡುವುದನ್ನು, ನುರಿತವಳ ಜೊತೆಯಲ್ಲಿ ತಿಂಗಳುಗಟ್ಟಲೆ ಇದ್ದರೆ ಮಾತ್ರ ಕಲಿಯಲು ಸಾಧ್ಯ. ಆದ್ದರಿಂದಲೇ ಈ ವಿದ್ಯೆಗೆ ಸಭಾಂಗಣದ ಉಪನ್ಯಾಸ ಸಾಲದು. ಕೆಲಸದ ನಡುವೆಯೇ ಕಲಿಸುವವರು ಬೇಕು.

ಈ ಅಗತ್ಯವನ್ನು ಕಾನೂನು ಅರ್ಧ ಮಾತ್ರ ಕಂಡಿತು. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಗೆ 2006ರ ಫೆಬ್ರುವರಿ 2ರಂದು ಚಾಲನೆ ದೊರೆತದ್ದು ಅಂದಿನ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಪೆನುಕೊಂಡ, ಹಿಂದೂಪುರ, ಕಲ್ಯಾಣದುರ್ಗಗಳೂ ಆಗ ಅದೇ ಜಿಲ್ಲೆಯವು. ಕೆಲಸದ ಸ್ಥಳಕ್ಕೆ ಹೆಂಗಸರ ಜೊತೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಆ ಹೆಂಗಸರಲ್ಲೇ ಒಬ್ಬಳನ್ನು ನೇಮಿಸಿ ಉಳಿದವರಂತೆ ಕೂಲಿ ಕೊಡಬೇಕೆಂದು ಆ ಕಾಯಿದೆ ಹೇಳಿತ್ತು. ಮಣ್ಣು ಅಗೆಯುವುದಕ್ಕೂ ಮಗುವನ್ನು ನೋಡಿಕೊಳ್ಳುವುದಕ್ಕೂ ಒಂದೇ ಕೂಲಿ ಎಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಆದರೆ ನೇಮಕಗೊಂಡವಳಿಗೆ ಏನನ್ನು ಕಲಿಸಬೇಕು, ಯಾರು ಕಲಿಸಬೇಕು ಎಂಬುದನ್ನು ಆ ನಿಯಮ ಹೇಳಲಿಲ್ಲ. ಗುದ್ದಲಿ ಹಿಡಿಯಲಾಗದವಳನ್ನು ಮರದ ನೆರಳಿನಲ್ಲಿ ಕೂರಿಸಿದರಾಯಿತು ಎಂಬ ಭಾವನೆಗೆ ಅಲ್ಲಿ ದಾರಿ ತೆರೆದೇ ಇತ್ತು.

ಕರ್ನಾಟಕ ಸರ್ಕಾರ 2023–24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ಯನ್ನು ಘೋಷಿಸಿ ಮುಂದಿನ ಹೆಜ್ಜೆ ಇಟ್ಟಿತು. ಹೆಸರೇ ಅಚ್ಚಗನ್ನಡದ್ದು. ಉದ್ಯೋಗ ಚೀಟಿ ಇರುವ ಸ್ಥಳೀಯ ಹೆಂಗಸರನ್ನೇ ಆರೈಕೆದಾರರನ್ನಾಗಿ ಆರಿಸಿ, ತರಬೇತಿ ಕೊಟ್ಟು, ಕೂಸುಗಳನ್ನು ಅವರಿಗೆ ಒಪ್ಪಿಸುವ ಕ್ರಮ ಅದರದು. ಆದರೆ ಆಗಿನ ಉದ್ಯೋಗ ಖಾತರಿಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಲೆಕ್ಕವಿತ್ತು. ಆ ಲೆಕ್ಕಕ್ಕೆ ಕಟ್ಟುಬಿದ್ದರೆ ಆರೈಕೆದಾರರನ್ನು ಸರದಿಯ ಮೇಲೆ ಬದಲಿಸಬೇಕಾಗುತ್ತದೆ. ಕೂಸು ಮುಖ ಗುರುತಿಸಿ ನಗುವ ಹೊತ್ತಿಗೆ ಮುಖವೇ ಬದಲಾಗುತ್ತದೆ. ಕೈ ಪಳಗುವ ಹೊತ್ತಿಗೆ ಕೈಗೆ ಕೆಲಸವಿರುವುದಿಲ್ಲ. ತರಬೇತಿಯನ್ನು ಕೂಲಿಯ ದಿನಗಳಿಗೆ ಗಂಟು ಹಾಕಿದಾಗ ಒದಗುವ ತೊಡಕು ಇದು.

ಬೇರೆ ದೇಶಗಳು ಈ ತೊಡಕನ್ನು ಬಿಡಿಸಿಕೊಂಡ ಬಗೆಯನ್ನು ನೋಡಬಹುದು. ಫ್ರಾನ್ಸಿನಲ್ಲಿ ತನ್ನ ಮನೆಯಲ್ಲೇ ಪರರ ಮಕ್ಕಳನ್ನು ನೋಡಿಕೊಳ್ಳುವವರಿಗೆ ಸರ್ಕಾರದ ಅನುಮತಿ ಕಡ್ಡಾಯ. ಅವರು ಒಟ್ಟು 120 ಗಂಟೆ ತರಬೇತಿ ಪಡೆಯಬೇಕು. ಅದರಲ್ಲಿ 80 ಗಂಟೆ ಮೊದಲ ಮಗು ಮನೆಗೆ ಬರುವ ಮುನ್ನ. ಉಳಿದ 40 ಗಂಟೆ ಕೆಲಸ ಆರಂಭಿಸಿದ ಮೇಲೆ, ಮೂರು ವರ್ಷಗಳ ಒಳಗೆ. ಈ ವಿಂಗಡಣೆಯಲ್ಲಿ ವಿವೇಕವಿದೆ. ಪ್ರಾಣಕ್ಕೆ ಸಂಬಂಧಿಸಿದ್ದನ್ನು ಮೊದಲು ಕಲಿಯಬೇಕು. ಕೆಲಸ ಮಾಡಿದ ಮೇಲಷ್ಟೇ ಏಳುವ ಪ್ರಶ್ನೆಗಳಿಗೆ ಆಮೇಲೂ ಒಬ್ಬ ಗುರು ಸಿಗಬೇಕು. ಇಂಗ್ಲೆಂಡಿನಲ್ಲಿ ಒಬ್ಬಳು ಎಷ್ಟು ಮಕ್ಕಳನ್ನು ನೋಡಿಕೊಳ್ಳಬಹುದೆಂಬುದಕ್ಕೆ ಮಿತಿಯಿದೆ: ಎಂಟು ವರ್ಷದೊಳಗಿನವರು ಸಾಮಾನ್ಯವಾಗಿ ಆರಕ್ಕಿಂತ ಹೆಚ್ಚಿರಬಾರದು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಹತ್ತು ಮಕ್ಕಳನ್ನು ಸಾಕಿದ ಅಜ್ಜಿಯರ ಬಳಿ ಯಾವ ಪ್ರಮಾಣಪತ್ರವಿತ್ತು ಎಂಬುದು ಮೊದಲನೆಯದು. ಆ ಅಜ್ಜಿಯರಿಗೂ ತರಬೇತಿಯಿತ್ತು. ಹೆಣ್ಣುಮಗಳು ಚಿಕ್ಕಂದಿನಲ್ಲೇ ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು, ಅಕ್ಕಂದಿರ ಬಾಣಂತನಕ್ಕೆ ನಿಂತು, ಅತ್ತೆ ಓರಗಿತ್ತಿಯರ ಕಣ್ಗಾವಲಿನಲ್ಲಿ ತನ್ನ ಚೊಚ್ಚಲ ಕೂಸಿಗೆ ನೀರೆರೆಯುತ್ತಿದ್ದಳು. ಮನೆಯೇ ಪಾಠಶಾಲೆಯಾಗಿತ್ತು, ಹಿರಿಯರೇ ಪರೀಕ್ಷಕರಾಗಿದ್ದರು. ಆ ಪಾಠಶಾಲೆಯ ಎಲ್ಲ ಪಾಠಗಳೂ ಸರಿಯಿದ್ದವೆಂದಲ್ಲ; ತಾಯಿಯ ಮೊದಲ ಗಿಣ್ಣುಹಾಲನ್ನು ಚೆಲ್ಲಿಸಿದ್ದೂ ಅದೇ ಶಾಲೆ. ಈಗ ಕೂಡು ಕುಟುಂಬಗಳು ಒಡೆದು ಆ ಶಾಲೆ ಬಹುಮಟ್ಟಿಗೆ ಮುಚ್ಚಿದೆ. ಅದರ ಜಾಗದಲ್ಲಿ ಇನ್ನೊಂದು ಹುಟ್ಟಿಲ್ಲ.

ಪ್ರಮಾಣಪತ್ರ ಕಡ್ಡಾಯವಾದರೆ ಓದುಬರಹ ಬಾರದ ನುರಿತ ಹೆಂಗಸರ ಅನ್ನಕ್ಕೆ ಕುತ್ತು ಎಂಬುದು ಎರಡನೆಯ ಆಕ್ಷೇಪ. ಇದು ಗಂಭೀರವಾದದ್ದು. ಮೇಜಿನ ಮುಂದೆ ಕೂರಿಸಿ ಉತ್ತರಪತ್ರಿಕೆ ಬರೆಸಿದರೆ ಮೊದಲು ಹೊರಬೀಳುವವಳು ಎಲ್ಲರಿಗಿಂತ ಚೆನ್ನಾಗಿ ಕೂಸನ್ನು ಸಮಾಧಾನ ಮಾಡಬಲ್ಲವಳೇ ಆಗಬಹುದು. ಆದ್ದರಿಂದ ಪರೀಕ್ಷೆ ಕೈಯದಾಗಬೇಕು, ಕಣ್ಣಿನದಾಗಬೇಕು, ಬಾಯಿಮಾತಿನದಾಗಬೇಕು. ಕೌಶಲ ತರಬೇತಿಯ ಯೋಜನೆಗಳಲ್ಲಿ ಹಿಂದಿನ ಕಲಿಕೆಗೆ ಮನ್ನಣೆ ಕೊಡುವ ಪದ್ಧತಿ ಈಗಾಗಲೇ ಇದೆ. ಹಾಗೆ ಮನ್ನಣೆ ಪಡೆದ ಓಣಿಯ ಹಿರಿಯಾಕೆಯೇ ಹೊಸಬಳಿಗೆ ಗುರುವಾಗಬಹುದು, ಮತ್ತು ಆ ಗುರುತನಕ್ಕೂ ಆಕೆಗೆ ಸಂಬಳ ಸಲ್ಲಬೇಕು.

ಸಂಬಳದ ಮಾತನ್ನು ಬಿಟ್ಟು ತರಬೇತಿಯನ್ನಷ್ಟೇ ಆಡುವುದು ಅಪ್ರಾಮಾಣಿಕ. ಅಂಗನವಾಡಿಯವರಿಗೆ ಸರ್ಕಾರ ಕೊಡುವುದನ್ನು ‘ಗೌರವಧನ’ ಎನ್ನುತ್ತಾರೆ. ವೇತನವೆಂದರೆ ಹಕ್ಕು, ಗೌರವಧನವೆಂದರೆ ಕೊಡುವವನ ಔದಾರ್ಯ. ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕಾದ ವ್ಯತ್ಯಾಸವಿದು. ಕರ್ನಾಟಕದ ಅಮೀರ್‌ಬಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗನವಾಡಿ ಕಾರ್ಯಕರ್ತೆಯದು ಸರ್ಕಾರಿ ಹುದ್ದೆಯಲ್ಲವೆಂದು 2006ರಲ್ಲಿ ತೀರ್ಪಿತ್ತಿತು. 2022ರ ಏಪ್ರಿಲ್ 25ರಂದು ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಕಾರ್ಯಕರ್ತೆಯರೂ ಸಹಾಯಕಿಯರೂ ಗ್ರ್ಯಾಚುಯಿಟಿಗೆ ಅರ್ಹರೆಂದು ಹೇಳಿತು. ಆಂಧ್ರಪ್ರದೇಶದ ಅಂಗನವಾಡಿ ನೌಕರರು 2023ರ ಡಿಸೆಂಬರ್ 12ರಿಂದ 42 ದಿನ ಮುಷ್ಕರ ಹೂಡಿದಾಗ ವೇತನದ ಜೊತೆ ಗ್ರ್ಯಾಚುಯಿಟಿಯೂ ಅವರ ಬೇಡಿಕೆಯಾಗಿತ್ತು. ಸರ್ಕಾರ ಅವರ ಮೇಲೆ ಅಗತ್ಯ ಸೇವೆಗಳ ನಿರ್ವಹಣಾ ಕಾಯಿದೆಯನ್ನು ಪ್ರಯೋಗಿಸಿತು. ಕೆಲಸ ನಿಲ್ಲಿಸಿದ ದಿನ ಅಗತ್ಯ ಸೇವೆಯಾಗುವ ಕೆಲಸ, ಹಣ ಕೊಡುವ ದಿನ ಸ್ವಯಂಸೇವೆಯಾಗುವುದು ನ್ಯಾಯವಲ್ಲ. ಅಂಗನವಾಡಿಯವರ ಸ್ಥಿತಿಯೇ ಹೀಗಿರುವಾಗ ಯಾವ ದಾಖಲೆಯಲ್ಲೂ ಇಲ್ಲದ ಓಣಿಯ ಅಕ್ಕನ ಪಾಡನ್ನು ಹೇಳಬೇಕಾಗಿಲ್ಲ. ಇದು ಕಲಿತು ಮಾಡುವ ಕೆಲಸವೆಂದು ಒಪ್ಪಿಕೊಂಡ ದಿನ, ಕೂಲಿಯನ್ನು ಔದಾರ್ಯವೆಂದು ಕರೆಯುವುದು ಕಷ್ಟವಾಗುತ್ತದೆ.

ಈ ವಿಷಯ ಕನ್ನಡ ಐಚ್ಛಿಕ ತರಗತಿಗೆ ಯಾಕೆ ಬೇಕು ಎಂಬ ಪ್ರಶ್ನೆಗೆ ‘ಅಂಗನವಾಡಿ’ ಎಂಬ ಶಬ್ದದಲ್ಲೇ ಉತ್ತರದ ಎಳೆಯಿದೆ. ಮರಾಠಿಯ ‘ಅಂಗಣ’ವೇ ಕನ್ನಡದ ‘ಅಂಗಳ’. ತಾರಾಬಾಯಿ ಮೋಡಕ್ ಅವರು ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ದುಡಿದು, 1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮೀಣ ಶಿಶುಶಿಕ್ಷಣದ ಕೆಲಸ ಆರಂಭಿಸಿದರು. ಅನುತಾಯಿ ವಾಘ್ ಅವರಿಗೆ ಜೊತೆಯಾದರು. ಬಡವರ ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಬಾಲವಾಡಿಯೇ ಅವರ ಅಂಗಳಕ್ಕೆ ಹೋಯಿತು. ದುಬಾರಿಯಾದ ಮಾಂಟೆಸ್ಸೊರಿ ಸಾಮಗ್ರಿಗಳ ಬದಲು ಚಿಪ್ಪು, ಬೀಜ, ಎಲೆ, ಹರಳುಗಳು ಪಾಠದ ಸಲಕರಣೆಗಳಾದವು. ಆ ಹೆಸರು ಮುಂದೆ ದೇಶವ್ಯಾಪಿಯಾಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಮರಾಠಿಯ ಅಂಗಳದ ಮಾತು ಹೀಗೆ ಕಾವೇರಿಯ ದಂಡೆಗೂ ಪೆನ್ನೆಯ ಸೀಮೆಗೂ ಬಂದಿತು. ಮಗುವಿನ ಸುತ್ತಲಿನ ವಸ್ತುಗಳಿಂದ, ಮಗುವಿನ ಸುತ್ತಲಿನ ಮಾತಿನಿಂದ ಕಲಿಸಬೇಕೆಂಬುದೇ ಅದರೊಳಗಿನ ತತ್ವ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅವಕಾಶ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ಗಡಿಯ ಕನ್ನಡ ಶಾಲೆಗಳ ಪರವಾದ ವಾದಗಳೆಲ್ಲ ಅದರ ಮೇಲೆ ನಿಂತಿವೆ. ಆದರೆ ಮಗು ಮಾತು ಕಲಿಯುವುದು ಶಾಲೆಗೆ ಸೇರುವ ಮುನ್ನ. ಆ ವರ್ಷಗಳ ಹಗಲೆಲ್ಲ ಅದರ ಕಿವಿಗೆ ಬೀಳುವುದು ನೋಡಿಕೊಳ್ಳುವವಳ ಮಾತು. ಪೆನುಕೊಂಡ, ಹಿಂದೂಪುರ, ಮಡಕಶಿರಾಗಳ ಓಣಿಗಳಲ್ಲಿ ಕನ್ನಡ, ತೆಲುಗು, ದಖನಿ ಉರ್ದುಗಳು ಒಂದೇ ನಲ್ಲಿಯ ಹತ್ತಿರ ಸೇರುತ್ತವೆ. ಕನ್ನಡ ಮನೆಯ ಕೂಸು ತೆಲುಗು ಜೋಗುಳ ಕೇಳಿ ಮಲಗಿದರೆ ಕನ್ನಡಕ್ಕೆ ನಷ್ಟವಿಲ್ಲ. ಅದಕ್ಕೆ ಎರಡು ನುಡಿಗಳು ದೊರೆತಂತಾಯಿತು. ನಷ್ಟವಾಗುವುದು ಯಾರೂ ಮಾತನಾಡಿಸದಿದ್ದಾಗ, ಅಳುವ ಕೂಸಿನ ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸಿದಾಗ. ಆದ್ದರಿಂದ ಆರೈಕೆಯ ತರಬೇತಿಯಲ್ಲಿ ಹಾಲು, ಅನ್ನ, ನಿದ್ದೆಗಳಷ್ಟೇ ಮುಖ್ಯವಾದ ಪಾಠ ಮಾತು: ಉಣಿಸುವಾಗ ಹೆಸರು ಹೇಳಿ ಉಣಿಸುವುದು, ಕೂಸಿನ ತೊದಲಿಗೆ ಮರುನುಡಿಯುವುದು, ಮನೆಯ ನುಡಿಯ ನಾಲ್ಕು ಮಾತುಗಳನ್ನು ತಾಯಿಯಿಂದ ಕೇಳಿ ಕಲಿತಿರುವುದು.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಕೈಹಾಕಬಹುದಾದ ಕೆಲಸ ಇಲ್ಲಿದೆ. ಜಾನಪದ ಪತ್ರಿಕೆಗಾಗಿ ಪ್ರತಿವರ್ಷ ಜೋಗುಳ, ಶಿಶುಪ್ರಾಸ, ಒಗಟುಗಳನ್ನು ಸಂಗ್ರಹಿಸಲಾಗುತ್ತದೆ. ಅಂಕ ಬಂದ ಮೇಲೆ ಆ ಹಾಳೆಗಳು ಕಪಾಟು ಸೇರುತ್ತವೆ. ಗಡಿಯ ಕನ್ನಡದಲ್ಲಿ ಇನ್ನೂ ಬದುಕಿರುವ ಬೆರಳಾಟ, ಕಣ್ಣುಮುಚ್ಚಾಲೆಯ ಮಾತು, ಉಣಿಸುವ ಹಾಡುಗಳನ್ನು ಆ ಊರಿನ ಉಚ್ಚಾರಣೆಯಲ್ಲೇ ದಾಖಲಿಸಿ, ವಯಸ್ಸಿಗೆ ತಕ್ಕಂತೆ ವಿಂಗಡಿಸಿ, ಓದಲು ಬಾರದವರಿಗೆ ಧ್ವನಿಮುದ್ರಣವಾಗಿ ಕೊಟ್ಟರೆ, ಅದು ಓಣಿಯ ಅಕ್ಕನ ಕೈಗೆ ಒಂದು ಪಠ್ಯವಾಗುತ್ತದೆ. ಸಂಬಳ, ಮಿತಿ, ಮನ್ನಣೆಗಳನ್ನು ಸರ್ಕಾರವೇ ಕೊಡಬೇಕು. ಈ ಪಠ್ಯವನ್ನು ಮಾತ್ರ ಭಾಷೆ ಓದಿದವರೇ ಕಟ್ಟಬಲ್ಲರು.