ಯಡಹಳ್ಳಿ ಅಡವಿಯಲ್ಲಿ ನಲ್ಲಿ ಎಲ್ಲಿ ಇಡುತ್ತೀರಿ?



ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ನಡುವಿನ ಕುರುಚಲು ಗುಡ್ಡಗಳು ನಿಮಗೆ ಹೊಸವಲ್ಲ. ಜಮಖಂಡಿ ಹಾಸ್ಟೆಲ್ಲಿನವರು ಬಸ್ಸಿನ ಕಿಟಕಿಯಿಂದ ನೋಡಿದ್ದೀರಿ. ಆ ಕಡೆಯ ಹಳ್ಳಿಗಳಿಂದ ಬಂದವರು ಶಾಲೆಯ ಸೂಟಿಯಲ್ಲಿ ಆಡು ಕಾಯುತ್ತ ಅಲ್ಲೇ ಅಂಗಾಲು ಸುಟ್ಟುಕೊಂಡಿದ್ದೀರಿ. ಈ ಅಡವಿ 2015ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವಾಯಿತು. ಸುಮಾರು 96 ಚದರ ಕಿಲೋಮೀಟರ್ ನೆಲ. ಚಿಂಕಾರವೆಂದರೆ ನಮ್ಮ ಜನ ಜಿಂಕಿ ಎಂದು ಕರೆದು ಸುಮ್ಮನಾಗುವ ಸಣ್ಣ ಜೀವ. ಗಂಡಿಗೂ ಕೊಂಬು, ಹೆಣ್ಣಿಗೂ ಕೊಂಬು. ಎಲೆ ಹುಲ್ಲಿನ ಪಸೆಯಲ್ಲೇ ಎಷ್ಟೋ ದಿನ ನೀರಿಲ್ಲದೆ ಬದುಕುತ್ತದೆ. ಮನುಷ್ಯನಿಗೆ ಆ ವಿದ್ಯೆ ಬರುವುದಿಲ್ಲ.

ಧಾಮ ಎಂದಮೇಲೆ ನೋಡುವವರು ಬರುತ್ತಾರೆ. ನೋಡುವವರಿಗಾಗಿ ಗೇಟು, ಕಮಾನು, ಕ್ಯಾಂಟೀನು, ಕಕ್ಕಸು, ವಾಹನ ನಿಲ್ಲಿಸುವ ಜಾಗ, ನಿಂತು ನೋಡುವ ಗೋಪುರ ಬೇಕು ಎಂಬ ಮಾತು ಇಂಥ ಕಡೆಗಳಲ್ಲಿ ಇಂದಲ್ಲ ನಾಳೆ ಬಂದೇ ಬರುತ್ತದೆ. ನಕಾಶೆ ಬರೆಯುವವರು ಬರೆಯುತ್ತಾರೆ. ಅವರು ಬರೆದು ಮುಗಿಸುವ ಮೊದಲೇ ನಾವು ಒಂದು ಪ್ರಶ್ನೆ ಕೇಳಬೇಕಾಗಿದೆ. ನಿಮ್ಮ ನಕಾಶೆಯಲ್ಲಿ ಬರುವ ಆ ಪ್ರವಾಸಿ ಯಾರು?

ಹೋದ ವರ್ಷ ನಾವು ಹದಿನಾಲ್ಕು ಮಂದಿ ಹಾಸ್ಟೆಲ್ಲಿನವರು ಒಂದು ದೊಡ್ಡ ಉದ್ಯಾನ ನೋಡಲು ಹೋಗಿದ್ದೆವು. ಯಾವುದು ಎಂದು ಹೆಸರು ಹೇಳುವುದು ಬೇಡ. ಕೆಂಪು ಬಸ್ಸು ನಮ್ಮನ್ನು ಕ್ರಾಸಿನಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಮೂರು ಕಿಲೋಮೀಟರ್ ಏಪ್ರಿಲ್ ಬಿಸಿಲು. ಗೇಟಿನಲ್ಲಿ ಕಾರು ನಿಲ್ಲಿಸಲು ಫರಸಿ ಹಾಸಿದ ಜಾಗವಿತ್ತು, ನಡೆದು ಬಂದವರು ನಿಲ್ಲಲು ಒಂದು ಗಿಡದ ನೆರಳಿರಲಿಲ್ಲ. ಒಳಗೆ ನಲ್ಲಿ ಇರಲಿಲ್ಲ, ನೀರಿನ ಬಾಟಲಿ ಮಾರುವ ಅಂಗಡಿ ಇತ್ತು. ಹದಿನಾಲ್ಕು ಬಾಟಲಿಗೆ ರೊಕ್ಕ ಕೊಟ್ಟರೆ ಮರಳಿ ಬರುವ ಬಸ್ ಚಾರ್ಜಿಗೆ ಖೋತಾ. ಕ್ಯಾಂಟೀನಿನವನ ಹತ್ತಿರ ಕುಡಿಯಲು ನೀರು ಕೇಳಿದೆವು. "ಯಾವ ಊರವರಪಾ?" ಅಂದ. ಹೇಳಿದೆವು. "ಯಾವ ಓಣಿ?" ಅಂದ. ಅದನ್ನೂ ಹೇಳಿದೆವು, ಸುಳ್ಳು ಹೇಳುವ ವಯಸ್ಸು ದಾಟಿದ್ದೇವೆ. ಪಕ್ಕದ ಮೇಜಿನವರಿಗೆ ಸ್ಟೀಲಿನ ಲೋಟದಲ್ಲಿ ಕೊಟ್ಟ ನೀರೇ ನಮಗೆ ಒಮ್ಮೆ ಕುಡಿದು ಒಗೆಯುವ ಪ್ಲಾಸ್ಟಿಕ್ ಲೋಟದಲ್ಲಿ ಬಂತು. ಅವನ ತಲೆಯ ಮೇಲೆಯೇ ಬೋರ್ಡು: ಇಲ್ಲಿ ಪ್ಲಾಸ್ಟಿಕ್ ನಿಷೇಧಿಸಲಾಗಿದೆ!

ನಮ್ಮಲ್ಲಿ ಒಬ್ಬ ನಕ್ಕುಬಿಟ್ಟ. ಉಳಿದವರಿಗೆ ನಗು ಬರಲಿಲ್ಲ.

ಅವತ್ತಿನಿಂದ ನಮಗೆ ಉದ್ಯಾನದ ನಕಾಶೆ ಎಂದರೆ ಮೊದಲು ಕಣ್ಣು ಹೋಗುವುದು ನಲ್ಲಿಯ ಕಡೆಗೆ. ಗೇಟಿನ ಹತ್ತಿರ, ಟಿಕೇಟಿನ ಕಿಟಕಿಗಿಂತ ಮೊದಲೇ, ಯಾರನ್ನೂ ಕೇಳದೆ ತಿರುವಿ ಕುಡಿಯುವ ನಲ್ಲಿ ಇದ್ದರೆ "ಯಾವ ಓಣಿ" ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲ. ನೀರು ಕ್ಯಾಂಟೀನಿನ ಗಲ್ಲೆಯ ಹಿಂದೆ ಇದ್ದರೆ ಆ ಮಾತು ಇದ್ದೇ ಇರುತ್ತದೆ. ಇದು ಎಂಜಿನಿಯರರಿಗೆ ಪೈಪಿನ ಲೆಕ್ಕ. ನಮಗೆ ಮಾನದ ಲೆಕ್ಕ.

ಹೊಸ ಮಾತೇನಲ್ಲ ಇದು. 1923ರಲ್ಲಿ ಮುಂಬಯಿ ಶಾಸನ ಸಭೆ ಠರಾವು ಮಾಡಿತು: ಸಾರ್ವಜನಿಕ ಹಣದಿಂದ ಕಟ್ಟಿದ ಬಾವಿ, ಕೆರೆ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು. ಆಗ ನಮ್ಮ ಬೀಳಗಿಯೂ ಮುಂಬಯಿ ಪ್ರಾಂತದಲ್ಲೇ ಇತ್ತು, ಜಮಖಂಡಿ, ಮುಧೋಳ ರಾಜರ ಸಂಸ್ಥಾನಗಳಾಗಿದ್ದವು. ಮಹಾಡದ ಪುರಸಭೆಯೂ ತನ್ನ ಚವದಾರ ಕೆರೆಯನ್ನು ತೆರೆದಿದ್ದೇವೆ ಎಂದು ಬರೆದುಕೊಂಡಿತು. ಕಾಗದದ ಮೇಲೆ ಕೆರೆ ತೆರೆದಿತ್ತು, ನೆಲದ ಮೇಲೆ ಮುಚ್ಚಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಕುಡಿದರು. ಕುಡಿದವರ ಮೇಲೆ ದೊಣ್ಣೆ ಬಿತ್ತು. ಆಮೇಲೆ ಅವರೇ ಮುಂದೆ ನಿಂತು ಬರೆಸಿದ ಸಂವಿಧಾನದ 15ನೇ ಅನುಚ್ಛೇದ ತೆಗೆದು ನೋಡಿರಿ. ಅಂಗಡಿ, ಉಪಾಹಾರ ಗೃಹ, ಬಾವಿ, ಕೆರೆ, ರಸ್ತೆ, ಸರ್ಕಾರದ ಹಣದಿಂದ ನಡೆಯುವ ಜನ ಸೇರುವ ಸ್ಥಳ, ಎಲ್ಲವೂ ಎಲ್ಲರಿಗೂ ಅಂತ ಇದೆ. ಉದ್ಯಾನ ಇದರೊಳಗೆ ಬರುವುದಿಲ್ಲವೆ? ಅದರ ಕ್ಯಾಂಟೀನು ಬರುವುದಿಲ್ಲವೆ?

ಇನ್ನು ಬಸ್ಸಿನ ವಿಷಯ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಅವ್ವಂದಿರು, ಅಕ್ಕ ತಂಗಿಯರು ಸಾದಾ ಸರ್ಕಾರಿ ಬಸ್ಸಿನಲ್ಲಿ ರೊಕ್ಕವಿಲ್ಲದೆ ಓಡಾಡುತ್ತಿದ್ದಾರೆ. ಹೊಲದ ಕೂಲಿ ಬಿಟ್ಟರೆ ಮದುವೆ, ಮದುವೆ ಬಿಟ್ಟರೆ ಮಣ್ಣು, ಇಷ್ಟಕ್ಕೇ ಊರು ಬಿಡುತ್ತಿದ್ದ ಹೆಂಗಸರು ಈಗ ಹೊರಗೆ ನಾಕು ಊರು ನೋಡುತ್ತಿದ್ದಾರೆ. ಬನಹಟ್ಟಿಯ ಮಗ್ಗದ ಕೆಲಸಗಾರ ಸೂಟಿಯ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರಬೇಕೆಂದರೆ ಅವನಿಗೆ ಬೇಕಾದದ್ದು ಕಮಾನಲ್ಲ, ಗೇಟಿನ ತನಕ ಬರುವ ಮತ್ತು ಹೊತ್ತು ಮುಳುಗುವ ಮೊದಲು ಮರಳಿ ಒಯ್ಯುವ ಒಂದು ಬಸ್ಸು. ಕೂಸು ಮಲಗಿಸಲು ನೆರಳು. ಹೆಂಗಸರಿಗೆ ಒಳಗಿನಿಂದ ಚಿಲಕ ಬೀಳುವ, ಕೀಲಿ ಹಾಕಿರದ ಕಕ್ಕಸು. ಆ ಕಕ್ಕಸು ತೊಳೆಯುವವರು ಯಾರು ಎಂದು ಯಾವ ನಕಾಶೆಯೂ ಹೇಳುವುದಿಲ್ಲ, ಹೇಳದಿದ್ದರೂ ಎಲ್ಲರಿಗೂ ಗೊತ್ತು. ಕೈಯಿಂದ ಮಲ ಬಳಿಯಿಸುವುದಕ್ಕೆ, ಗುಂಡಿಗೆ ಮನುಷ್ಯನನ್ನು ಇಳಿಸುವುದಕ್ಕೆ 2013ರ ಕಾಯಿದೆ ನಿಷೇಧ ಹಾಕಿದೆ. ಹಾಗಾದರೆ ಗುಂಡಿ ತುಂಬಿದಾಗ ಎಳೆಯುವ ಯಂತ್ರ ಎಲ್ಲಿಂದ ಬರುತ್ತದೆ ಎಂಬುದನ್ನು ಕಕ್ಕಸು ಕಟ್ಟುವ ದಿನವೇ ಬರೆದಿಡಿರಿ.

ಆದರೆ ಒಂದು ಮಾತನ್ನು ನಮ್ಮವರಿಗೂ ಹೇಳಬೇಕು. ಸೌಲಭ್ಯ ಕೇಳುವ ಹುರುಪಿನಲ್ಲಿ ಅಡವಿಯ ನಡುವೆ ಎಲ್ಲವನ್ನೂ ತಂದು ಸುರಿಯಿರಿ ಎಂದು ನಾವು ಕೇಳಬಾರದು. ಆಲಮಟ್ಟಿಯಲ್ಲಿ ಸಂಗೀತ ಕಾರಂಜಿ ಇದೆ, ಹೂದೋಟವಿದೆ, ನಾವೂ ನೋಡಿ ಬಂದಿದ್ದೇವೆ. (ಅದರ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಹಳ್ಳಿಗಳು ಮುಳುಗಿವೆ ಎಂಬುದು ಕಾರಂಜಿ ಕುಣಿಯುವಾಗ ಯಾರಿಗೂ ನೆನಪಾಗುವುದಿಲ್ಲ.) ಅದೇ ಕಣ್ಣಿನಿಂದ ಯಡಹಳ್ಳಿಯನ್ನು ನೋಡಿ, ಇಲ್ಲೇನಿದೆ ಬರೀ ಕಲ್ಲು ಕಂಟಿ ಎಂದು ಮೂಗು ಮುರಿಯುವವರಿದ್ದಾರೆ. ಕಲ್ಲು ಕಂಟಿಯೇ ಚಿಂಕಾರದ ಮನೆ. ಅದನ್ನು ಕಡಿದು ಹುಲ್ಲುಹಾಸು ಮಾಡಿದರೆ ಉದ್ಯಾನ ಉಳಿಯುತ್ತದೆ, ಚಿಂಕಾರ ಉಳಿಯುವುದಿಲ್ಲ. ಊಟದ ಎಲೆ, ಎಂಜಲು ಒಳಗೆ ಬಿದ್ದರೆ ಬೀದಿ ನಾಯಿಗಳು ಬರುತ್ತವೆ, ನಾಯಿ ಹಿಂಡು ಕಟ್ಟಿದರೆ ಚಿಂಕಾರದ ಮರಿಯನ್ನೂ ಬಿಡುವುದಿಲ್ಲ, ನಮ್ಮ ಆಡಿನ ಮರಿಯನ್ನೂ ಬಿಡುವುದಿಲ್ಲ. ಆದ್ದರಿಂದ ಕ್ಯಾಂಟೀನು, ಕಕ್ಕಸು, ವಾಹನ ಎಲ್ಲ ಹೊರ ಅಂಚಿಗೆ ಇರಲಿ, ಅಂಚಿನ ಹಳ್ಳಿಗಳಲ್ಲೇ ಇರಲಿ. ಒಳಗೆ ಕಾಲು ದಾರಿ ಸಾಕು. ಧಾಮದೊಳಗೆ ವ್ಯಾಪಾರದ ವಸತಿ ಗೃಹ, ಹೋಟೆಲು ಕಟ್ಟುವುದನ್ನು ವನ್ಯಜೀವಿ ಕಾಯಿದೆಯೂ ತಡೆದಿದೆ, ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು.

ಅಂಚಿನಲ್ಲಿ ಇಟ್ಟರೆ ಇನ್ನೊಂದು ಲಾಭ. ಅಡವಿ ಅಂಚಿನ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿ ನಮಗೆ ಹೇಳಿದಳು: "ತಮ್ಮಾ, ಜಿಂಕಿಗೆ ತೊಟ್ಟಿ ಕಟ್ಟಿ ನೀರ ಬಿಡ್ತಾರಂತ, ನೋಡಾಕ ಬಂದೋರಿಗೆ ನಳ ಹಾಕ್ತಾರಂತ. ಹಾಕ್ಲಿ ಪಾಪ. ಆ ನಳದಾಗ ನನ್ನ ಕೊಡಾನೂ ತುಂಬತೈತೇನು ಕೇಳು." ಇದಕ್ಕಿಂತ ಒಳ್ಳೆಯ ಯೋಜನಾ ಟಿಪ್ಪಣಿ ನಮ್ಮ ಪದವಿಯಿಂದಲೂ ಹುಟ್ಟಿಲ್ಲ. ಪ್ರವಾಸಿಗೆ ಎಂದು ಎಳೆದ ಪೈಪು ಅವಳ ಓಣಿಯನ್ನು ಮುಟ್ಟಿ ಮುಂದೆ ಹೋಗಲಿ.

ಅವಳೇ ಉರುವಲಿಗೆ ಅಡವಿಗೆ ಹೋದರೆ ಏನು? ಟಿಕೇಟು ಕೊಂಡವನು ಪ್ರವಾಸಿ, ಕಟ್ಟಿಗೆ ಹೊತ್ತವಳು ಕಳ್ಳಿ? 1972ರ ಕಾಯಿದೆಯಲ್ಲಿ ಧಾಮದ ನೆಲದ ಮೇಲೆ ಜನಕ್ಕಿರುವ ಹಕ್ಕುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಧಿ ಇದೆ. ಅದೇ ಕಾಯಿದೆಗೆ 2002ರಲ್ಲಿ ಸೇರಿಸಿದ 33ಬಿ ಎಂಬ ಕಲಮನ್ನು ನೀವೆಲ್ಲ ಓದಲೇಬೇಕು. ಪ್ರತಿ ಧಾಮಕ್ಕೂ ಒಂದು ಸಲಹಾ ಸಮಿತಿ ಇರಬೇಕು, ಅದರಲ್ಲಿ ಆ ಕ್ಷೇತ್ರದ ಶಾಸಕರು, ಪಂಚಾಯತಿಗಳ ಮೂವರು ಪ್ರತಿನಿಧಿಗಳು, ಸಂಘ ಸಂಸ್ಥೆಗಳ ಇಬ್ಬರು, ವನ್ಯಜೀವಿ ಕೆಲಸದ ಮೂವರು ಇರಬೇಕು ಎನ್ನುತ್ತದೆ ಅದು. ಸುತ್ತಲ ಜನರ ಪಾಲುಗಾರಿಕೆ ಹೇಗಿರಬೇಕು ಎಂದು ಹೇಳುವುದೂ ಆ ಸಮಿತಿಯ ಕೆಲಸ. ಪಂಚಾಯತಿಯ ಮೂವರಲ್ಲಿ ನಮ್ಮ ಓಣಿಯಿಂದ ಮೀಸಲು ಸ್ಥಾನದಲ್ಲಿ ಗೆದ್ದ ಹೆಣ್ಣುಮಗಳೊಬ್ಬಳು ಯಾಕೆ ಇರಬಾರದು? ಆಡು ಕಾಯುತ್ತ ಆ ಗುಡ್ಡದ ಹಳ್ಳ, ಗವಿ, ತೋಳದ ಜಾಡು ಎಲ್ಲವನ್ನೂ ಕಲಿತ ಹುಡುಗ ದಾರಿ ತೋರಿಸುವ ಕೆಲಸಕ್ಕೆ ಯಾಕೆ ಆಗಬಾರದು? ಪದವಿ ಮಾಡಿದವನು ಬಂದು ಅವನಿಗೇ ಗುಡ್ಡ ತೋರಿಸುವ ಕಾಲ ಬರಬಾರದು. ನಾವೂ ಪದವೀಧರರೇ, ಅದಕ್ಕೇ ಹೇಳುತ್ತಿದ್ದೇವೆ.

ಈ ತಿಂಗಳು ನಾವು ಅರಣ್ಯ ಇಲಾಖೆಗೂ, ಸುತ್ತಲ ಪಂಚಾಯತಿಗಳಿಗೂ ಅರ್ಜಿ ಬರೆಯುತ್ತಿದ್ದೇವೆ. ಬರೀ ಬೈಗುಳದ ಅರ್ಜಿ ನಮಗೆ ಬೇಡ, ಲೆಕ್ಕದ ಅರ್ಜಿ ಬೇಕು. ಆ ಕಡೆಯ ಹಳ್ಳಿಗಳಿಂದ ಬಂದಿರುವ ಗೆಳೆಯರು ಈ ಸಲ ಊರಿಗೆ ಹೋದಾಗ ಮೂರು ಸಂಗತಿ ಬರೆದುಕೊಂಡು ಬನ್ನಿರಿ: ಅಡವಿಯ ಹತ್ತಿರ ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಹೋಗುತ್ತದೆ, ನಿಮ್ಮ ಓಣಿಯ ನೀರು ಎಲ್ಲಿಂದ ಬರುತ್ತದೆ, ಆಡು ದನ ಯಾವ ದಾರಿಯಲ್ಲಿ ಮೇಯಲು ಹೋಗುತ್ತವೆ. ಆ ದಾರಿಯನ್ನು ಒಂದು ಹಾಳೆಯ ಮೇಲೆ ಗೆರೆ ಎಳೆದು ತನ್ನಿರಿ. ಎಳೆಯುವಾಗ ಮುದುಕರನ್ನು ಕೇಳಿರಿ, ಅವರಿಗೆ ಹಳ್ಳಗಳ ಹೆಸರು ಗೊತ್ತಿರುತ್ತದೆ.