ದೋಣಿ ಗೊತ್ತಾಯಿತು, ಗುಳಿಗೆ?

"ಡಾಕ್ಟ್ರೇ, ದೋಣಿ ಗೊತ್ತು ಮಾಡಿ ಆಯ್ತು. ವಾಂತಿ ಆಗದ ಹಾಗೆ ಒಂದು ಗುಳಿಗೆ ಬರೆದು ಕೊಡಿ" ಎಂದು ಮಿರ್ಜಾನದ ಕಡೆಯ ಯುವಕನೊಬ್ಬ ಬಂದಿದ್ದ. ಆರು ಜನ ಗೆಳೆಯರು. ಸಂಜೆ ಅಘನಾಶಿನಿ ಹೊಳೆಯಲ್ಲಿ ಹೊರಟು, ಕುರ್ವೆಯೊಂದರಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಮರಳುವುದು. ಬಾಡಿಗೆ ಎಷ್ಟು, ಕೋಳಿ ಎಷ್ಟು ಕಿಲೋ, ಎಲ್ಲವೂ ಬಾಯಲ್ಲೇ ಇತ್ತು. ದಿನಾ ಔಷಧ ತೆಗೆದುಕೊಳ್ಳುವವರು ಯಾರಿದ್ದೀರಿ ಎಂದು ಕೇಳಿದೆ. "ನಮಗೆಂಥ ಕಾಯಿಲೆ!" ಎಂದು ನಕ್ಕ.

ಅವನು ಹೇಳಿದ ಹೆಸರುಗಳಲ್ಲಿ ಒಂದು ನನ್ನ ರೋಗಿಯದು. ಮೂರ್ಛೆರೋಗಕ್ಕೆ ಮೂರು ವರ್ಷದಿಂದ ಔಷಧ ನಡೆದಿದೆ. ರೋಗಿಯ ಗುಟ್ಟನ್ನು ವೈದ್ಯ ಬಿಟ್ಟುಕೊಡುವಂತಿಲ್ಲ. ಮರುದಿನ ಆ ಹುಡುಗನನ್ನೇ ಕರೆಸಿದೆ. (ಅವನ ಒಪ್ಪಿಗೆ ಪಡೆದು, ಗುರುತು ಬದಲಿಸಿ ಬರೆಯುತ್ತಿದ್ದೇನೆ.) ಮನೆಯಲ್ಲಿ ಮದುವೆಯ ಮಾತು ನಡೆದಿದೆ, ಗೆಳೆಯರಿಗೆ ತಿಳಿದರೆ ಊರಿಗೇ ತಿಳಿದಂತೆ ಎಂಬುದು ಅವನ ಭಯ.

ಹೋಗಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ಔಷಧ ತಪ್ಪದಿದ್ದರೆ ಈ ರೋಗ ಬಹುಮಂದಿಯಲ್ಲಿ ಹತೋಟಿಯಲ್ಲಿರುತ್ತದೆ. ಆದರೆ ಇಂಥ ರಾತ್ರಿಗಳಲ್ಲಿ ನಡೆಯುವುದೇನು? ನಿದ್ದೆ ಇಲ್ಲ, ಮದ್ಯ ಉಂಟು, ಗುಳಿಗೆ ಮನೆಯಲ್ಲೇ ಉಳಿದಿರುತ್ತದೆ. ಮೂರೂ ಫಿಟ್ಸ್ ಕರೆತರುವಂಥವು. ದೋಣಿಯ ಅಂಚಿನಲ್ಲಿ ಕುಳಿತವನಿಗೆ ಫಿಟ್ಸ್ ಬಂದರೆ ಅವನು ಕೂಗುವುದಿಲ್ಲ, ಕೈ ಬಡಿಯುವುದಿಲ್ಲ. ಹಾಡು ಹಾಡುತ್ತಿರುವವರಿಗೆ ಒಬ್ಬ ಕಡಿಮೆಯಾದದ್ದು ಗೊತ್ತೇ ಆಗದಿರಬಹುದು. ಇನ್ಸುಲಿನ್ ಚುಚ್ಚಿಕೊಂಡು ಊಟ ತಡ ಮಾಡುವವರ ಮಾತೂ, ಇನ್‌ಹೇಲರ್ ಮರೆತು ಬರುವ ಉಬ್ಬಸದವರ ಮಾತೂ ಇದೇ.

ಕುರ್ವೆ ದೂರವೇನಲ್ಲ, ದಡದ ದೀಪ ಕಾಣುತ್ತದೆ. ಆದರೆ ಇಳಿತದ ಹೊತ್ತಿಗೆ, ಹಗಲಿನಲ್ಲಿ ಬಳಚು ಹೆಕ್ಕುವ ಆ ಕೆಸರು ಮೇಲೆದ್ದರೆ, ದೋಣಿ ಅಲ್ಲೇ ಕೂರುತ್ತದೆ. ನೀರು ಮತ್ತೆ ಏರಲು ತಾಸುಗಟ್ಟಲೆ ಬೇಕು. ಐದು ನಿಮಿಷ ದಾಟಿದ ಫಿಟ್ಸ್‌ಗೆ ಆಸ್ಪತ್ರೆಯೇ ಗತಿ. ಅಲ್ಲಿಯವರೆಗೆ ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು; ಬಾಯಿಗೆ ನೀರು, ಕೈಗೆ ಕಬ್ಬಿಣ ಬೇಡ. ಬಾಡಿಗೆ ಚೌಕಾಸಿ ಮಾಡುವಾಗಲೇ ದೋಣಿಯವನಲ್ಲಿ ಉಬ್ಬರ ಎಷ್ಟು ಗಂಟೆಗೆಂದು ಕೇಳಿಡಿ.

ಇನ್ನು ಜೀವರಕ್ಷಕ ಜಾಕೆಟ್. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದಲ್ಲಿ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅದೂ ಹಗಲಿನಲ್ಲಿ. ಜಾಕೆಟನ್ನು ಹಲಗೆಯ ಕೆಳಗಿಟ್ಟುಕೊಂಡು ಫೋಟೋಕ್ಕೆ ಮಾತ್ರ ತೊಡುವುದು ನಮ್ಮ ಕಡೆಯ ಹೊಸ ರೂಢಿ. ದಡದಲ್ಲೇ ತೊಟ್ಟು, ಪಟ್ಟಿ ಬಿಗಿದು ದೋಣಿ ಹತ್ತಬೇಕು. ಮುಳುಗಿದವರನ್ನು ಮೇಲೆತ್ತಿದಾಗ ಹೊಟ್ಟೆ ಒತ್ತಿ ನೀರು ತೆಗೆಯುವ, ತಲೆಕೆಳಗು ಮಾಡಿ ತಿರುಗಿಸುವ ಹಳೆಯ ಪದ್ಧತಿಯಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಬಳಿಕ ಎದೆ ಒತ್ತಬೇಕು.

ವಾಂತಿಯ ಗುಳಿಗೆಯನ್ನೂ ಬರೆದುಕೊಟ್ಟೆ: ಹೊರಡುವ ತಾಸು ಮೊದಲು, ಮದ್ಯದ ಜೊತೆ ಖಂಡಿತ ಬೇಡ.

ಆ ಹುಡುಗ ಕೊನೆಗೆ ಒಬ್ಬ ಗೆಳೆಯನಿಗೆ ಮಾತ್ರ ಹೇಳಿದ. ಆ ಗೆಳೆಯ ಗುಳಿಗೆಯ ಪೊಟ್ಟಣವನ್ನು ತನ್ನ ಕಿಸೆಯಲ್ಲಿಟ್ಟುಕೊಂಡು, ಹತ್ತು ಗಂಟೆಗೇ "ಮಲಗಾ ಮಾರಾಯ" ಎಂದು ಗದರಿಸಿದನಂತೆ.