ಅರಳುಮರಳು ಎನ್ನುವ ಮೊದಲು

ಹಳ್ಳಿಯೊಂದರಲ್ಲಿ ಎಪ್ಪತ್ತರ ಆಸುಪಾಸಿನ ಅಜ್ಜಿ. ಬೆಳಗಿನ ಐದಕ್ಕೇ ಎದ್ದು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದವರು ಆರು ತಿಂಗಳಿಂದ ಹೊಸಿಲು ದಾಟುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ. ನೆಂಟರ ಮದುವೆಗೆ ಹೊರಡಿ ಎಂದರೆ ‘ನಂಗ್ಯಾಕಪ್ಪ ಅದೆಲ್ಲ, ನೀವೇ ಹೋಗ್ಬನ್ನಿ’ ಎನ್ನುತ್ತಾರೆ. ಏನು ಕೇಳಿದರೂ ‘ಗೊತ್ತಿಲ್ಲ, ನೆನಪಿಲ್ಲ’. ಮನೆಯವರ ತೀರ್ಪು ಒಂದೇ ಮಾತಿನಲ್ಲಿ ಮುಗಿಯುತ್ತದೆ: ‘ವಯಸ್ಸಾಯ್ತಲ್ಲ, ಅರಳುಮರಳು.’ ಇಂಥ ಅಜ್ಜಿಯೋ ತಾತನೋ ಇಲ್ಲದ ಬೀದಿ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಅಜ್ಜಿಗೆ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ ಶುರುವಾಗಿರಬಹುದು. ಆದರೆ ಅದು ಬರೀ ಖಿನ್ನತೆಯೂ ಆಗಿರಬಹುದು. ಇಳಿವಯಸ್ಸಿನ ಖಿನ್ನತೆ ಎಷ್ಟೋ ಸಲ ಅಳುವಾಗಿ ಹೊರಬರುವುದಿಲ್ಲ. ಮರೆವಾಗಿ, ಮಂಕಾಗಿ, ಊಟ ಸೇರದ ನಾಲಿಗೆಯಾಗಿ ಬರುತ್ತದೆ. ಅನುಭವಿ ವೈದ್ಯರು ಸಣ್ಣ ಸಣ್ಣ ಸಂಗತಿಗಳನ್ನು ಗಮನಿಸುತ್ತಾರೆ. ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಅವೇ ಪದಗಳನ್ನು ಕೇಳಿದಾಗ ಖಿನ್ನತೆಯವರು ಯತ್ನಿಸದೆಯೇ ‘ನನ್ನ ಕೈಲಾಗಲ್ಲ’ ಎಂದು ಕೈಚೆಲ್ಲುವುದುಂಟು. ತುಸು ಪುಸಲಾಯಿಸಿದರೆ ಉತ್ತರ ಬರುತ್ತದೆ. ಡಿಮೆನ್ಷಿಯಾ ಇರುವವರು ಏನೋ ಒಂದು ಉತ್ತರ ಕೊಟ್ಟು, ನಕ್ಕು, ಮರೆವನ್ನು ಮುಚ್ಚಿಕೊಳ್ಳಲು ನೋಡುತ್ತಾರೆ. ಇದೇ ಕೊನೆಯ ಮಾತಲ್ಲ. ಥೈರಾಯ್ಡ್, ಬಿ12 ಕೊರತೆಗಳನ್ನೂ ಪರೀಕ್ಷಿಸಿ ನೋಡಬೇಕು. ಖಿನ್ನತೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಬಹುಮಟ್ಟಿಗೆ ಹಿಂದಿರುಗಬಲ್ಲದು. ಹೀಗಿರುವಾಗ ‘ಅರಳುಮರಳು’ ಎಂದು ಕೈತೊಳೆದುಕೊಳ್ಳುವುದು ಆ ಜೀವಕ್ಕೆ ಮಾಡುವ ಅನ್ಯಾಯ.

ಇದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆ ಇದೆ. ಬಾಣಂತನದಲ್ಲೋ, ಕೆಲಸ ಕಳೆದುಕೊಂಡ ವರ್ಷದಲ್ಲೋ, ಮೂವತ್ತು ವರ್ಷದ ಹಿಂದೆ ಬಂದು ಹೋದ ಖಿನ್ನತೆ ಮುಪ್ಪಿನಲ್ಲಿ ನೆನಪಿನ ಶಕ್ತಿಗೆ ಕುತ್ತು ತರುತ್ತದೆಯೇ?

ಡೆನ್ಮಾರ್ಕ್‌ನ ಸಂಶೋಧಕರು ಇದಕ್ಕೆ ಹುಡುಕಿದ ಉತ್ತರ 2023ರಲ್ಲಿ ಪ್ರಕಟವಾಯಿತು. ಆ ದೇಶದಲ್ಲಿ ಪ್ರತಿ ಪ್ರಜೆಯ ಆಸ್ಪತ್ರೆ ದಾಖಲೆ ಜೋಪಾನವಾಗಿರುತ್ತದೆ. 1977ರಿಂದ 2018ರವರೆಗಿನ ಕಡತಗಳಿಂದ 14 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಜೋಡಿಸಿ ನೋಡಿದಾಗ, ಖಿನ್ನತೆ ಪತ್ತೆಯಾಗಿದ್ದವರಲ್ಲಿ ಡಿಮೆನ್ಷಿಯಾದ ಸಂಭವ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡುಬಂತು. ಗಂಡಸರಲ್ಲಿ ಈ ನಂಟು ಹೆಂಗಸರಿಗಿಂತ ಗಟ್ಟಿಯಾಗಿತ್ತು. ಖಿನ್ನತೆ ಯೌವನದಲ್ಲಿ ಬಂದಿದ್ದರೂ, ನಡುವಯಸ್ಸಿನಲ್ಲಿ ಬಂದಿದ್ದರೂ ನಂಟು ಕಳಚಲಿಲ್ಲ.

ಲಂಡನ್ನಿನ ಸರ್ಕಾರಿ ನೌಕರರ ಕಥೆಯೇ ಬೇರೆ. ‘ವೈಟ್‌ಹಾಲ್–2’ ಹೆಸರಿನ ಆ ಅಧ್ಯಯನ 1985ರಲ್ಲಿ, 35ರಿಂದ 55 ವಯಸ್ಸಿನ ನೌಕರರನ್ನು ಸೇರಿಸಿಕೊಂಡು ಆರಂಭವಾಯಿತು. ಅವರ ಮನಸ್ಸಿನ ಸ್ಥಿತಿಯನ್ನು ವರ್ಷಗಟ್ಟಲೆ, ಮತ್ತೆ ಮತ್ತೆ ಅಳೆಯಲಾಯಿತು. ಹತ್ತು ಸಾವಿರಕ್ಕೂ ಮಿಕ್ಕ ಜನರ ಸುಮಾರು 28 ವರ್ಷಗಳ ಲೆಕ್ಕ 2017ರಲ್ಲಿ ಹೊರಬಿತ್ತು. ನಡುವಯಸ್ಸಿನ ಖಿನ್ನತೆಯ ಲಕ್ಷಣಗಳಿಗೂ ಡಿಮೆನ್ಷಿಯಾಕ್ಕೂ ಅಲ್ಲಿ ನಂಟೇ ಕಾಣಲಿಲ್ಲ. ಕಂಡದ್ದು ಬೇರೊಂದು. ಮುಂದೆ ಡಿಮೆನ್ಷಿಯಾ ಬಂದವರಲ್ಲಿ, ಕಾಯಿಲೆ ಪತ್ತೆಯಾಗುವುದಕ್ಕೆ ಸುಮಾರು 11 ವರ್ಷ ಮೊದಲೇ ಖಿನ್ನತೆಯ ಲಕ್ಷಣಗಳು ಏರತೊಡಗಿದ್ದವು. ಅಂದರೆ ಅಲ್ಲಿ ಖಿನ್ನತೆ ಡಿಮೆನ್ಷಿಯಾದ ಕಾರಣಕ್ಕಿಂತ ಹೆಚ್ಚಾಗಿ ಅದರ ಮುನ್ಸೂಚನೆಯಂತೆ ಕಂಡಿತು. ಮಿದುಳಿನೊಳಗೆ ಸದ್ದಿಲ್ಲದೆ ಶುರುವಾದ ಸವೆತ ಮೊದಲು ಮನಸ್ಸನ್ನು ಕುಗ್ಗಿಸಿ, ಆಮೇಲೆ ನೆನಪಿಗೆ ಕೈಹಾಕಿರಬಹುದು.

ಯಾವುದನ್ನು ನಂಬುವುದು? ಎರಡನ್ನೂ ನಂಬಬಹುದು. ಡೆನ್ಮಾರ್ಕ್‌ನವರು ಎಣಿಸಿದ್ದು ಆಸ್ಪತ್ರೆಯವರೆಗೆ ಹೋದ ಖಿನ್ನತೆಯನ್ನು, ಅಂದರೆ ಹೆಚ್ಚಾಗಿ ತೀವ್ರವಾದದ್ದನ್ನು. ಲಂಡನ್ನಿನಲ್ಲಿ ಅಳೆದದ್ದು ಕಚೇರಿಗೆ ಬಂದು ದುಡಿಯುತ್ತಿದ್ದವರು ಪ್ರಶ್ನಾವಳಿಯಲ್ಲಿ ತುಂಬಿದ ಲಕ್ಷಣಗಳನ್ನು. ತೀವ್ರವಾಗಿ, ಪದೇ ಪದೇ ಕಾಡಿದ ಖಿನ್ನತೆ ಮಿದುಳಿನ ಮೇಲೆ ಗುರುತು ಬಿಡಬಲ್ಲದು ಎಂಬುದಕ್ಕೆ ಆಧಾರಗಳಿವೆ. ದೀರ್ಘಕಾಲದ ಒತ್ತಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರಿಯೇ ಉಳಿಯಬಹುದು. ನೆನಪುಗಳನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗ, ಬಹುಕಾಲ ಖಿನ್ನತೆ ಅನುಭವಿಸಿದವರಲ್ಲಿ ತುಸು ಕುಗ್ಗಿರುವುದು ಸ್ಕ್ಯಾನಿಂಗ್‌ಗಳಲ್ಲಿ ಕಂಡಿದೆ. ಇದರ ಜೊತೆಗೆ ಬದುಕಿನ ಲೆಕ್ಕವೂ ಇದೆ. ಖಿನ್ನತೆಗೆ ಸಿಕ್ಕವರು ವಾಕಿಂಗ್ ಬಿಡುತ್ತಾರೆ, ಬಿಪಿ ಮಾತ್ರೆ ಮರೆಯುತ್ತಾರೆ, ನಾಲ್ಕು ಜನರ ಜೊತೆ ಮಾತು ನಿಲ್ಲಿಸುತ್ತಾರೆ. ಮಿದುಳಿಗೆ ಇವೂ ಪೆಟ್ಟು ಕೊಡುತ್ತವೆ.

ಒಮ್ಮೆ ಖಿನ್ನತೆ ಅನುಭವಿಸಿ ಎದ್ದು ಬಂದವರು ಇದನ್ನು ಓದಿ ಗಾಬರಿಯಾಗಬಾರದು. ಸಂಭವ ಹೆಚ್ಚು ಎಂದರೆ ಬಂದೇ ಬರುತ್ತದೆ ಎಂದಲ್ಲ. ಖಿನ್ನತೆ ಬಂದು ಹೋದವರಲ್ಲೂ ಹೆಚ್ಚಿನವರಿಗೆ ಡಿಮೆನ್ಷಿಯಾ ಬರುವುದಿಲ್ಲ. ಡಿಮೆನ್ಷಿಯಾ ತಡೆಯ ಬಗ್ಗೆ ‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿ, ಬದಲಾಯಿಸಲು ಸಾಧ್ಯವಿರುವ 14 ಕಾರಣಗಳನ್ನು ಹೆಸರಿಸಿದೆ. ಅವುಗಳನ್ನೆಲ್ಲ ನಿವಾರಿಸಿದರೆ ಜಗತ್ತಿನ ಸುಮಾರು ಶೇ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅದರ ಅಂದಾಜು. ಅದರಲ್ಲಿ ಖಿನ್ನತೆಯ ಪಾಲು ಶೇ 3, ಕಿವುಡುತನದ ಪಾಲು ಶೇ 7. ಖಿನ್ನತೆಯೊಂದೇ ಖಳನಾಯಕ ಅಲ್ಲ.

ಚಿಕಿತ್ಸೆ ಪಡೆದರೆ ಅಪಾಯ ಇಳಿಯುತ್ತದೆಯೇ ಎಂಬಲ್ಲಿಯೂ ಉತ್ತರ ಪೂರ್ತಿ ಸ್ಪಷ್ಟವಾಗಿಲ್ಲ. ಬ್ರಿಟನ್ನಿನ ‘ಬಯೋಬ್ಯಾಂಕ್’ ಆರೋಗ್ಯ ದಾಖಲೆಗಳ ಮೇಲೆ 2022ರಲ್ಲಿ ಬಂದ ಅಧ್ಯಯನ, ಚಿಕಿತ್ಸೆ ಪಡೆದ ಖಿನ್ನತೆಯವರಲ್ಲಿ ಪಡೆಯದವರಿಗಿಂತ ಡಿಮೆನ್ಷಿಯಾದ ಅಪಾಯ ಸುಮಾರು ಶೇ 30 ಕಡಿಮೆ ಎಂದಿತು. ಡೆನ್ಮಾರ್ಕ್‌ನ ಅಧ್ಯಯನದಲ್ಲಾದರೋ ಮಾತ್ರೆ ಪಡೆದವರಿಗೂ ಪಡೆಯದವರಿಗೂ ಅಂಥ ಅಂತರ ಕಾಣಲಿಲ್ಲ. ಇದು ತೀರ್ಮಾನವಾಗುವವರೆಗೆ ಕಾಯುತ್ತಾ ಕೂರಬೇಕಿಲ್ಲ. ಖಿನ್ನತೆಗೆ ಚಿಕಿತ್ಸೆ ಕೊಡಬೇಕಾದದ್ದು ಆ ಮನುಷ್ಯ ಇವತ್ತು ನರಳುತ್ತಿರುವುದಕ್ಕೆ. ನಾಳೆ ಮಿದುಳಿಗೂ ಒಳಿತಾದರೆ ಅದು ಹೆಚ್ಚುವರಿ ಲಾಭ.

ಆದರೆ ಆ ಚಿಕಿತ್ಸೆಯೇ ಸಿಗುತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ ಇರುವವರಲ್ಲಿ ಸುಮಾರು ಶೇ 85ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಇನ್ನೊಂದು ಕಡೆ, ದೇಶದ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಅದು ಹೆಚ್ಚು. ರಂಗೋಲಿ ಹಾಕುವುದನ್ನು ನಿಲ್ಲಿಸಿದ ಆ ಅಜ್ಜಿ ಹೆಂಗಸೂ ಹೌದು, ಹಳ್ಳಿಯವರೂ ಹೌದು.

ಡೆನ್ಮಾರ್ಕ್ ಮತ್ತು ಲಂಡನ್ನಿನ ಉತ್ತರಗಳು ಹಳ್ಳಿಯ ಈ ಅಜ್ಜಿಗೆ ಹಾಗೆಯೇ ಒಪ್ಪುತ್ತವೆ ಎನ್ನಲಾಗದು. ಅದಕ್ಕೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆಯುತ್ತಿರುವ ಕೆಲಸ ಮುಖ್ಯವಾಗುತ್ತದೆ. ಮಾವಿಗೆ ಹೆಸರಾದ ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಇಟ್ಟುಕೊಂಡಿದೆ. ರಕ್ತ ಪರೀಕ್ಷೆ, ಮಿದುಳಿನ ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲವೂ ಅದರಲ್ಲಿವೆ. ಶಾಲೆಯ ಮೆಟ್ಟಿಲು ಹತ್ತದ, ಬಿಸಿಲಲ್ಲಿ ದುಡಿದ ಜನರ ಮಿದುಳು ಹೇಗೆ ಮಾಗುತ್ತದೆ ಎಂಬುದಕ್ಕೆ ಇಲ್ಲಿಂದಲೇ ಉತ್ತರ ಬರಬೇಕು. ಅಲ್ಲಿಯವರೆಗೆ ಸರ್ಕಾರ ಸುಮ್ಮನಿರಬೇಕಿಲ್ಲ.

ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಎಂಬತ್ತರ ದಶಕದಲ್ಲಿ ಮಾದರಿಯಾದದ್ದು ನಮ್ಮ ಬಳ್ಳಾರಿ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕರೆಸುವ ‘ಮನೋಚೈತನ್ಯ’ ಯೋಜನೆಯೂ ಈ ರಾಜ್ಯದ್ದೇ. ಇಷ್ಟು ದಾರಿ ನಡೆದ ರಾಜ್ಯ ಇನ್ನೊಂದು ಹೆಜ್ಜೆ ಇಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡುವ ಹೊತ್ತಿನಲ್ಲೇ 45 ದಾಟಿದ ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ ಕೇಳಬೇಕು: ಈ ಎರಡು ವಾರದಲ್ಲಿ ಮನಸ್ಸು ಕುಗ್ಗಿದಂತೆ, ಬೇಸರ ಕವಿದಂತೆ ಆಗುತ್ತಿತ್ತೆ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೆ? ವೈದ್ಯಕೀಯ ಲೋಕ ಬಹುಕಾಲದಿಂದ ಬಳಸುತ್ತಿರುವ ಪ್ರಶ್ನೆಗಳಿವು. ಯಂತ್ರ ಬೇಡ, ಎರಡು ನಿಮಿಷ ಸಾಕು. ಹಿಂದೆ ಖಿನ್ನತೆ ಬಂದಿತ್ತೇ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆದುಕೊಂಡರೆ, ಅರವತ್ತರ ನಂತರ ಅವರ ನೆನಪಿನ ಮೇಲೆ ಒಂದು ಕಣ್ಣಿಡಬಹುದು.

ಮನೆಯವರು ಸರ್ಕಾರಕ್ಕಾಗಿ ಕಾಯುವುದೂ ಬೇಡ. ಮುಂದಿನ ಸಲ ಅಮ್ಮನನ್ನೋ ಅಪ್ಪನನ್ನೋ ಶುಗರ್ ಪರೀಕ್ಷೆಗೆ ಕರೆದೊಯ್ದಾಗ ಈ ಎರಡು ಪ್ರಶ್ನೆಗಳನ್ನು ವೈದ್ಯರ ಮುಂದಿಡಿ. ಔಷಧದಂಗಡಿಯಲ್ಲಿ ಕೇಳಿ ತಂದ ನಿದ್ದೆ ಮಾತ್ರೆ ಕೊಡಬೇಡಿ. ವೈದ್ಯರು ಬರೆದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.